ಬೇನೆಯ ಹೊತ್ತಿಗೆ ಪಕ್ಕದಲ್ಲೊಬ್ಬಳು

ಬೆಳ್ತಂಗಡಿಯ ಒಳಹಳ್ಳಿಯಲ್ಲಿ ಬೇನೆ ಶುರುವಾದ ಹೆಣ್ಣು ಆಸ್ಪತ್ರೆಗೆ ಒಬ್ಬಳೇ ಹೊರಡುವುದಿಲ್ಲ. ಜೀಪಿನಲ್ಲೋ ರಿಕ್ಷಾದಲ್ಲೋ ಅವಳ ಜೊತೆ ಅಮ್ಮ ಇರುತ್ತಾಳೆ, ಚಿಕ್ಕಮ್ಮನೋ ಅತ್ತಿಗೆಯೋ ಇರುತ್ತಾರೆ, ಎಷ್ಟೋ ಸಲ ಆಶಾ ಕಾರ್ಯಕರ್ತೆಯೂ ಇರುತ್ತಾಳೆ. ಬಟ್ಟೆಯ ಚೀಲದಲ್ಲಿ ತಾಯಿ ಕಾರ್ಡು, ಒಗೆದು ಒಗೆದು ಮೆತ್ತಗಾದ ಹಳೆ ಸೀರೆಯ ತುಂಡುಗಳು, ಫ್ಲಾಸ್ಕಿನಲ್ಲಿ ಬಿಸಿನೀರು. ಗುರುವಾಯನಕೆರೆ, ಮಡಂತ್ಯಾರು, ಪುಂಜಾಲಕಟ್ಟೆ ದಾಟಿ ಬಿ.ಸಿ. ರೋಡಿನ ಕಡೆಗೆ ಇಳಿಯುವಷ್ಟು ಹೊತ್ತೂ ಯಾರದಾದರೂ ಕೈ ಅವಳ ಬೆನ್ನು ನೀವುತ್ತಲೇ ಇರುತ್ತದೆ. ನೋವು ಏರಿದಾಗ ಹಿಡಿದುಕೊಳ್ಳಲು ಒಂದು ರಟ್ಟೆ, ಇಳಿದಾಗ ಎರಡು ಗುಟುಕು ನೀರು. ಲೇಬರ್ ವಾರ್ಡಿನ ಬಾಗಿಲಲ್ಲಿ ಇದಷ್ಟೂ ನಿಲ್ಲುತ್ತದೆ. ಬೈಸ್ಟ್ಯಾಂಡರ್‌ಗಳು ಹೊರಗೆ ಬೆಂಚಿನ ಮೇಲೆ ಕೂರಬೇಕು, ಅವಳು ಒಳಗೆ.

ಚೊಚ್ಚಲ ಹೆರಿಗೆಯಾದರೆ ಒಳಗಿನ ಹೊತ್ತು ಬಹಳ ಉದ್ದ. ಅಲ್ಲಿ ಡಾಕ್ಟರಿದ್ದಾರೆ, ಸಿಸ್ಟರ್‌ಗಳಿದ್ದಾರೆ, ಆಯಾ ಇದ್ದಾಳೆ. ಬಿ.ಪಿ. ನೋಡುತ್ತಾರೆ, ಮಗುವಿನ ಎದೆಬಡಿತ ಕೇಳುತ್ತಾರೆ, ಬರೆದಿಟ್ಟು ಮುಂದಿನ ಮಂಚಕ್ಕೆ ಹೋಗುತ್ತಾರೆ; ಅವರ ಕೆಲಸ ಇರುವುದೇ ಹಾಗೆ. ಒಂದು ತಪಾಸಣೆಗೂ ಇನ್ನೊಂದಕ್ಕೂ ನಡುವೆ ಉಳಿಯುವ ಹೊತ್ತು ಅವಳೊಬ್ಬಳದೇ. ಆ ನಡುವಿನ ಹೊತ್ತನ್ನೇ ತನ್ನ ಕೆಲಸ ಎಂದುಕೊಂಡು ಪಕ್ಕದಲ್ಲಿ ಕೂರುವವಳನ್ನು ಇವತ್ತು ಹಲವು ದೇಶಗಳಲ್ಲಿ, ನಮ್ಮ ಬೆಂಗಳೂರಿನಲ್ಲೂ, ಡೌಲಾ ಎನ್ನುತ್ತಾರೆ. ಅವಳು ಡಾಕ್ಟರಲ್ಲ, ನರ್ಸ್ ಅಲ್ಲ, ಸೂಲಗಿತ್ತಿಯೂ ಅಲ್ಲ. ಹೆರಿಗೆ ಮಾಡಿಸುವುದಿಲ್ಲ. ಹೆರುವವಳನ್ನು ಬಿಟ್ಟು ಹೋಗುವುದಿಲ್ಲ, ಅಷ್ಟೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳಲ್ಲಿ ಈ ಕೆಲಸಕ್ಕೆ ಮನಸ್ಸೂ ಕೈಗುಣವೂ ಇರುವ ಹೆಂಗಸರು ಬೇಕಾದಷ್ಟು ಮಂದಿ ಇದ್ದಾರೆ ಎಂಬುದು ನನ್ನ ದೃಢ ನಂಬಿಕೆ. ಇಲ್ಲದಿರುವುದು ಅವರಿಗೊಂದು ಸರಿಯಾದ ತರಬೇತಿ, ಅದಕ್ಕೆ ತಕ್ಕ ಸಂಬಳ, ಮತ್ತು ಆ ಬಾಗಿಲು ದಾಟುವ ಅನುಮತಿ.

ಪಕ್ಕದಲ್ಲಿ ಕೂತರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಿದವರಲ್ಲಿ ಮೊದಲಿಗರು ಅಮೆರಿಕದ ಇಬ್ಬರು ಮಕ್ಕಳ ವೈದ್ಯರು: ಮಾರ್ಷಲ್ ಕ್ಲಾಸ್ ಮತ್ತು ಜಾನ್ ಕೆನೆಲ್. ಗ್ವಾಟೆಮಾಲಾದ ಸಹೋದ್ಯೋಗಿಗಳ ಜೊತೆ ಅವರು ಅಲ್ಲಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಅಧ್ಯಯನ ನಡೆಸಿ 1980ರಲ್ಲಿ ಪ್ರಕಟಿಸಿದರು. ಅಲ್ಲಿಯೂ ಮನೆಯವರಿಗೆ ಪ್ರವೇಶವಿರಲಿಲ್ಲ. ಕೆಲವು ಹೆಂಗಸರ ಪಕ್ಕದಲ್ಲಿ, ಅವರಿಗೆ ಮೊದಲು ಪರಿಚಯವೇ ಇರದ ಒಬ್ಬ ಸಾಮಾನ್ಯ ಮಹಿಳೆ ಕೊನೆಯವರೆಗೂ ಕೂತಳು. ಬೆನ್ನು ನೀವಿದಳು, ಕೈ ಹಿಡಿದಳು, ಮಾತಾಡಿದಳು. ತೊಡಕಿಲ್ಲದೆ ಹೆತ್ತವರಲ್ಲಿ ಒಬ್ಬಂಟಿಯಾಗಿದ್ದವರಿಗೆ ಹೆರಿಗೆಗೆ ಸರಾಸರಿ 19 ಗಂಟೆ ಹಿಡಿದಿತ್ತು, ಜೊತೆಯಿದ್ದವರಿಗೆ ಒಂಬತ್ತು ಗಂಟೆಯ ಆಸುಪಾಸು. ಹೆತ್ತ ಮೇಲೆ ಮಗುವನ್ನು ಸವರುವುದು, ನೋಡಿ ನಗುವುದು, ಮಾತಾಡಿಸುವುದೂ ಜೊತೆಯಿದ್ದ ತಾಯಂದಿರಲ್ಲೇ ಹೆಚ್ಚು.

ನನ್ನನ್ನು ಹೆಚ್ಚು ಕಾಡಿದ್ದು ಅವರ ಇನ್ನೊಂದು ಅಧ್ಯಯನ. 1991ರಲ್ಲಿ ಪ್ರಕಟವಾದ ಇದು ನಡೆದದ್ದು ಟೆಕ್ಸಾಸ್‌ನ ಹ್ಯೂಸ್ಟನ್ ನಗರದ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ. ಇಲ್ಲಿ ಮೂರು ಗುಂಪುಗಳಿದ್ದವು. ಒಂದು ಗುಂಪಿಗೆ ಡೌಲಾ ಇದ್ದಳು. ಇನ್ನೊಂದಕ್ಕೆ ಯಾರೂ ಇರಲಿಲ್ಲ. ನಡುವಿನ ಗುಂಪಿನವರ ಕೋಣೆಯಲ್ಲಿ ಒಬ್ಬ ಮಹಿಳೆ ದೂರದಲ್ಲಿ ಕೂತು, ನಡೆಯುವುದನ್ನು ಸುಮ್ಮನೆ ಬರೆದುಕೊಳ್ಳುತ್ತಿದ್ದಳು, ಮಾತಿಲ್ಲ, ಸ್ಪರ್ಶವಿಲ್ಲ. ಯಾರೂ ಇಲ್ಲದವರಲ್ಲಿ ಶೇ 18 ಮಂದಿಗೆ ಸಿಸೇರಿಯನ್ ಆಯಿತು, ಡೌಲಾ ಇದ್ದವರಲ್ಲಿ ಶೇ 8. ಆ ಮೌನಿ ಕೂತಿದ್ದ ಕೋಣೆಗಳಲ್ಲಿ ಶೇ 13. ಬಾಯಿ ತೆರೆಯದ ಒಬ್ಬ ಅಪರಿಚಿತೆ ಕೋಣೆಯಲ್ಲಿ ಇದ್ದದ್ದಕ್ಕೇ ಇಷ್ಟು ವ್ಯತ್ಯಾಸ. ಹಾಗಾದರೆ ಬಲ್ಲವಳೊಬ್ಬಳು, ತನ್ನದೇ ತುಳುವಿನಲ್ಲೋ ಬ್ಯಾರಿಯಲ್ಲೋ ಮಾತಾಡುವವಳು, ಪಕ್ಕದಲ್ಲಿದ್ದರೆ?

ಆಮೇಲೆ ಇಂಥ ಅಧ್ಯಯನಗಳು ಬಹಳಷ್ಟಾದವು. 17 ದೇಶಗಳ 26 ಪ್ರಯೋಗಗಳನ್ನು, 15,000ಕ್ಕೂ ಹೆಚ್ಚು ತಾಯಂದಿರ ವಿವರಗಳನ್ನು ಒಟ್ಟಿಗಿಟ್ಟು ತೂಗಿದ ಕಾಕ್ರೇನ್ ಪರಾಮರ್ಶೆ 2017ರಲ್ಲಿ ಬಂತು. ನಿರಂತರ ಜೊತೆಯಿದ್ದರೆ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ಬೇನೆಯ ಅವಧಿ ಕಡಿಮೆ, ಹುಟ್ಟಿದ ಮಗುವಿನ ಸ್ಥಿತಿಯೂ ಉತ್ತಮ ಎಂಬುದು ಅದರ ಸಾರ. ಮರುವರ್ಷವೇ ವಿಶ್ವ ಆರೋಗ್ಯ ಸಂಸ್ಥೆ ಪ್ರತಿಯೊಬ್ಬ ಹೆಣ್ಣಿಗೂ ಅವಳೇ ಆರಿಸಿದ ಒಬ್ಬರು ಹೆರಿಗೆಯುದ್ದಕ್ಕೂ ಜೊತೆಗಿರಬೇಕು ಎಂದು ಶಿಫಾರಸು ಮಾಡಿತು.

ಕಾರಣ ನಿಗೂಢವೇನಲ್ಲ. ಗರ್ಭಕೋಶ ಸಂಕುಚಿಸಲು ಬೇಕಾದ ಹಾರ್ಮೋನು ಆಕ್ಸಿಟೋಸಿನ್. ಹೆದರಿದ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಅದು ಏರಿದಲ್ಲಿ ಆಕ್ಸಿಟೋಸಿನ್‌ನ ಕೆಲಸ ಹಿಂಜರಿಯುತ್ತದೆ. ಹಟ್ಟಿಯಲ್ಲಿ ಕರು ಹಾಕುವ ದನದ ಹತ್ತಿರ ಅಪರಿಚಿತರನ್ನೂ ಗದ್ದಲವನ್ನೂ ಬಿಡಬಾರದೆಂಬುದು ನಮ್ಮ ಮನೆಗಳ ಅಜ್ಜಿಯಂದಿರಿಗೆ ಗೊತ್ತಿತ್ತು. ಮನುಷ್ಯರ ವಿಷಯದಲ್ಲಿ ನಾವು ಇದನ್ನು ಮರೆತೆವು. ಹೆರಿಗೆ ಮಂಚದ ಮೇಲೆ ನೋವಿನಿಂದ ಕೂಗಿದವಳಿಗೆ, ಆಗ ಖುಷಿಯಾಗಿತ್ತಲ್ಲ, ಈಗ ಯಾಕೆ ಕಿರುಚುತ್ತೀ ಎಂದು ಗದರುವುದು ದೇಶದ ಉದ್ದಗಲಕ್ಕೂ ಹೆತ್ತವರು ಹೇಳುವ ಅನುಭವ. ಆ ಒಂದು ಮಾತು ಹೆಣ್ಣಿನೊಳಗೆ ಎಷ್ಟು ವರ್ಷ ಉಳಿಯುತ್ತದೆ ಎಂದು ತಿಳಿಯಬೇಕಾದರೆ ಅರುವತ್ತು ದಾಟಿದವರ ಹತ್ತಿರ ಅವರ ಮೊದಲ ಹೆರಿಗೆಯ ಬಗ್ಗೆ ಕೇಳಿ ನೋಡಬೇಕು. ಮಗುವಿನ ತೂಕ ಮರೆತಿರುತ್ತದೆ, ಆ ಮಾತು ಮರೆತಿರುವುದಿಲ್ಲ.

ಇದನ್ನೆಲ್ಲ ಓದಿ ಹಳೆಯ ಕಾಲವೇ ಚೆನ್ನಾಗಿತ್ತು ಎಂಬ ತೀರ್ಮಾನಕ್ಕೆ ಬರುವುದು ಸುಲಭ. ದಯವಿಟ್ಟು ಬರಬೇಡಿ. 2005–06ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಾಗುತ್ತಿದ್ದುದು ಸುಮಾರು ಶೇ 65. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಅದು ಶೇ 97ಕ್ಕೆ ಏರಿತು. ಈ ಏರಿಕೆಯ ಹಿಂದೆ ಜನನಿ ಸುರಕ್ಷಾ ಯೋಜನೆಯಿದೆ, ಮಡಿಲು ಕಿಟ್ ಇದೆ, 108 ಆಂಬುಲೆನ್ಸ್ ಇದೆ, ಮಳೆಗಾಲದಲ್ಲಿ ಕಾಲುಸಂಕ ದಾಟಿ ಗರ್ಭಿಣಿಯ ಮನೆ ತಲುಪುವ ಆಶಾ ಕಾರ್ಯಕರ್ತೆಯರಿದ್ದಾರೆ. ರಾಜ್ಯದಲ್ಲಿ ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ 2018–20ರಲ್ಲಿ 69ಕ್ಕೆ ಇಳಿದಿತ್ತು. ಹೆರಿಗೆಯ ನಂತರದ ರಕ್ತಸ್ರಾವವನ್ನು ಕೈಗುಣ ನಿಲ್ಲಿಸುವುದಿಲ್ಲ. ಒಂದು ಇಂಜೆಕ್ಷನ್, ಒಂದು ಬಾಟಲಿ ರಕ್ತ, ಆಪರೇಷನ್ ಥಿಯೇಟರ್ ನಿಲ್ಲಿಸುತ್ತವೆ. 2025ರ ಏಪ್ರಿಲ್‌ನಲ್ಲಿ ಕೇರಳದ ಮಲಪ್ಪುರಂನಲ್ಲಿ ಮನೆಯಲ್ಲೇ ಹೆತ್ತ ತಾಯಿಯೊಬ್ಬರು ತೀರಿಕೊಂಡ ಸುದ್ದಿ ನಮ್ಮ ಕರಾವಳಿಯ ಮನೆಗಳಲ್ಲೂ ಮಾತಾಯಿತು. ಡೌಲಾ ಆಗಬಯಸುವವಳು ಮೊದಲು ಈ ವಿಷಯದಲ್ಲಿ ತನ್ನ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಅವಳ ಜಾಗ ಆಸ್ಪತ್ರೆಯ ಒಳಗೆ, ಡಾಕ್ಟರ ಪಕ್ಕದಲ್ಲಿ. ಅವರ ಬದಲಿಗೆ ಅಲ್ಲ.

ಆಸ್ಪತ್ರೆಯ ಹೆರಿಗೆ ಹೆಚ್ಚಿದ ಜೊತೆಗೆ ಹೊಟ್ಟೆ ಕೊಯ್ಯುವುದೂ ಹೆಚ್ಚಿತು. ಕರ್ನಾಟಕದ ಸಿಸೇರಿಯನ್ ಪ್ರಮಾಣ 2015–16ರಲ್ಲಿ ಶೇ 23.6 ಇದ್ದದ್ದು ಮುಂದಿನ ಸಮೀಕ್ಷೆಗೆ ಶೇ 31.5 ಆಯಿತು. ಇಡೀ ಜನಸಂಖ್ಯೆಯನ್ನು ತೆಗೆದುಕೊಂಡರೆ ಶೇ 10ರ ಮೇಲೆ ಹೋದ ಸಿಸೇರಿಯನ್ ತಾಯಿ ಮಕ್ಕಳ ಸಾವನ್ನು ಇನ್ನಷ್ಟು ತಗ್ಗಿಸುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತ್ತು. ಬೇಕಾದವಳಿಗೆ ಸಿಸೇರಿಯನ್ ಜೀವದಾನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವುಗಳಲ್ಲಿ ಎಷ್ಟೋ ಹೆದರಿಕೆಯಿಂದ ಆದವು. ಇನ್ನು ನನ್ನಿಂದಾಗದು, ಕೊಯ್ದುಬಿಡಿ ಎಂದು ಸುಸ್ತಾದ ಹೆಣ್ಣು ಬೇಡಿಕೊಂಡದ್ದರಿಂದ, ಹೊರಗಿನ ಬೆಂಚಿನ ಮೇಲೆ ಕೂತ ಮನೆಯವರು ತಾಳ್ಮೆಗೆಟ್ಟದ್ದರಿಂದ ಆದವು. ಪಕ್ಕದಲ್ಲೊಬ್ಬಳು ಇದ್ದಿದ್ದರೆ ಅವುಗಳಲ್ಲಿ ಕೆಲವಾದರೂ ತಪ್ಪುತ್ತಿದ್ದವು ಎಂಬುದಕ್ಕೆ ಹ್ಯೂಸ್ಟನ್‌ನ ಅಂಕಿಗಳೇ ಸಾಕ್ಷಿ.

ಈ ಸೀಮೆಯಲ್ಲಿ ಮೊದಲ ಹೆರಿಗೆ ತವರಿನದು. ಏಳನೇ ತಿಂಗಳಲ್ಲಿ ಬಯಕೆ ಮುಗಿಸಿ ಮಡಿಲು ತುಂಬಿಸಿಕೊಂಡು ಬರುವ ಮಗಳಿಗೆ ಅಮ್ಮನ ಮನೆಯ ಹಂಡೆ, ಬಚ್ಚಲು, ಕತ್ತಲೆ ಕೋಣೆ ಕಾದಿರುತ್ತಿದ್ದವು. ಬೇನೆ ಬಂದಾಗ ಊರಿನ ಅನುಭವಿ ಹೆಂಗಸಿಗೆ ಹೇಳಿ ಕಳುಹಿಸುತ್ತಿದ್ದರು. ಹೆತ್ತ ಮೇಲೆ ಪೆದ್ಮೆದಿಗೆ, ಅಂದರೆ ಬಾಣಂತಿಗೆ, ಎಣ್ಣೆ ಹಚ್ಚಿ ಮೀಯಿಸಲು, ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸಲು ಬೇರೊಬ್ಬಳು ಬರುತ್ತಿದ್ದಳು. ಬಟ್ಟೆ ಒಗೆದು ಹೆರಿಗೆಯ ಸೂತಕವಾದ ಅಮೆ ಕಳೆಯಲು ಮಡಿವಾಳ ಹೆಂಗಸು ಬರಲೇಬೇಕಿತ್ತು. ಹೀಗೆ ಒಂದು ಹೆರಿಗೆಯ ಸುತ್ತ ನಾಲ್ಕಾರು ಹೆಂಗಸರ ಕೈ ಕೆಲಸ ಮಾಡುತ್ತಿತ್ತು. ಆ ಕೈಗಳಿಗೆ ಸಿಕ್ಕಿದ್ದು ಮಾತ್ರ ಒಂದಿಷ್ಟು ಅಕ್ಕಿ, ತೆಂಗಿನಕಾಯಿ, ಹಳೆ ಸೀರೆ. ಮೈಲಿಗೆ ಎಂಬ ಕಾರಣ ಕೊಟ್ಟು ಅತಿ ಹತ್ತಿರದ, ಅತಿ ಅಗತ್ಯದ ಈ ಕೆಲಸವನ್ನು ಜಾತಿಯ ಏಣಿಯಲ್ಲಿ ಕೆಳಗೆ ನಿಲ್ಲಿಸಿದವರ ಪಾಲಿಗೆ ಬಿಟ್ಟಿದ್ದೆವು. ಅವರ ಮಕ್ಕಳು ಶಾಲೆಗೆ ಹೋದರು, ಮೊಮ್ಮಕ್ಕಳು ಈ ಕೆಲಸ ಬೇಡವೆಂದರು. ಸರಿಯಾಗಿಯೇ ಮಾಡಿದರು. ಹೊಸದಾಗಿ ಕಟ್ಟುವುದಾದರೆ ಈ ಕೆಲಸವನ್ನು ಎಲ್ಲ ಜಾತಿ, ಧರ್ಮಗಳ ಹೆಂಗಸರೂ ಕಲಿತು, ಎಲ್ಲ ಮನೆಗಳ ಹೆಂಗಸರಿಗೂ ಮಾಡುವ ವೃತ್ತಿಯಾಗಿಯೇ ಕಟ್ಟಬೇಕು.

ಇಂಥ ಕೆಲಸದ ಕರೆ ಒಬ್ಬಳಿಗೆ ಹೇಗೆ ಬರುತ್ತದೆ ಎನ್ನುವುದಕ್ಕೆ ಕರ್ನಾಟಕದಲ್ಲಿ ಎಲ್ಲರೂ ಬಲ್ಲ ಉದಾಹರಣೆ ಸೂಲಗಿತ್ತಿ ನರಸಮ್ಮ. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು. ಅಲೆಮಾರಿ ಸಮುದಾಯದಲ್ಲಿ ಹುಟ್ಟಿ, ಅಕ್ಷರ ಕಲಿಯದೆ, ಅಜ್ಜಿ ಮರಿಗೆಮ್ಮನಿಂದ ಈ ವಿದ್ಯೆ ಕಲಿತವರು. ಇಪ್ಪತ್ತರ ಹರೆಯದಲ್ಲಿ ಚಿಕ್ಕಮ್ಮನ ಹೆರಿಗೆಗೆ ಕೈಕೊಟ್ಟದ್ದು ಅವರ ಮೊದಲ ಕೆಲಸ. ಆಮೇಲೆ ಏಳು ದಶಕಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆಗಳು, ಅಷ್ಟೂ ಉಚಿತ. ತಾವೇ 12 ಮಕ್ಕಳನ್ನು ಹೆತ್ತಿದ್ದರು. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಅವರು ಹೆರಿಗೆ ಮಾಡಿಸುತ್ತಿದ್ದವರು, ಡೌಲಾ ಅಲ್ಲ. ಅವರಂತೆ ಮನೆಗಳಲ್ಲಿ ಹೆರಿಗೆ ಮಾಡಿಸುವುದು ಇವತ್ತು ನಮಗೆ ಮಾದರಿಯಾಗಬೇಕಿಲ್ಲ. ಕರೆದಾಗ ಹೊತ್ತು ನೋಡದೆ ಎದ್ದು ಹೊರಟದ್ದು, ಕೊನೆಯವರೆಗೂ ಉಳಿದದ್ದು, ಯಾರ ಮನೆಯೆಂದು ಕೇಳದಿದ್ದದ್ದು ಮಾದರಿಯಾಗಬೇಕು.

ನಮ್ಮೂರುಗಳಲ್ಲಿ ಆ ಗುಣದವರನ್ನು ಎಲ್ಲಿ ಹುಡುಕುವುದು? ಹುಡುಕುವುದೇನೂ ಬೇಡ. ಬೀಡಿ ಕಟ್ಟುತ್ತ ಕೂತಲ್ಲಿಂದ ಎದ್ದು ಪಕ್ಕದ ಮನೆಯ ಬಾಣಂತಿಗೆ ಮೆಂತೆ ಗಂಜಿ ಕಾಯಿಸಿ ಕೊಟ್ಟು ಬರುವವಳಿದ್ದಾಳೆ. ಎದೆಹಾಲು ಗಟ್ಟಿಯಾಗಿ ಜ್ವರ ಬಂದವಳಿಗೆ ಬಿಸಿಬಟ್ಟೆ ಹೇಗಿಡಬೇಕೆಂದು ಹೇಳಲು ಇಡೀ ಓಣಿ ಕರೆಯುವ ಒಬ್ಬಳಿರುತ್ತಾಳೆ. ಆಸ್ಪತ್ರೆಯಲ್ಲಿ ಆಯಾ ಕೆಲಸದಿಂದ ನಿವೃತ್ತಳಾದವಳು, ಮನೆ ಮನೆಗೆ ಹೋಗಿ ಮಗು ಮೀಯಿಸುವವಳು, ಗಂಡ ಗಲ್ಫಿನಲ್ಲಿದ್ದಾಗ ಎರಡೂ ಹೆರಿಗೆಯನ್ನು ಒಬ್ಬಳೇ ಎದುರಿಸಿ ಇನ್ನೊಬ್ಬಳಿಗೆ ಹಾಗಾಗಬಾರದು ಎಂದುಕೊಂಡವಳು. ಈ ಕೊನೆಯವಳ ಬಗ್ಗೆ ನನಗೆ ವಿಶೇಷ ಭರವಸೆ. ಈ ಕಡೆಗೆ ಒಲಿದವರನ್ನು ಕೇಳಿದರೆ ಬಹುತೇಕ ಎರಡರಲ್ಲಿ ಒಂದು ಉತ್ತರ ಬರುತ್ತದೆ: ನನ್ನ ಹೆರಿಗೆಯಲ್ಲಿ ನನಗೆ ಯಾರೋ ಇದ್ದರು, ಅಥವಾ ಯಾರೂ ಇರಲಿಲ್ಲ.

ಆಸೆಯೊಂದೇ ಸಾಲದು. ತನ್ನ ಹೆರಿಗೆಯ ನೋವನ್ನು ಇನ್ನೂ ಒಳಗೆ ಹೊತ್ತವಳು ಬೇರೊಬ್ಬಳ ಪಕ್ಕದಲ್ಲಿ ಕೂತರೆ, ಅಲ್ಲಿ ಹೆರುತ್ತಿರುವವಳು ಮರೆಯಾಗಿ ತನ್ನದೇ ಕಥೆ ಮುಂದೆ ಬರುತ್ತದೆ. ತನಗೆ ನಾರ್ಮಲ್ ಆದದ್ದರಿಂದ ಎಲ್ಲರಿಗೂ ನಾರ್ಮಲ್ಲೇ ಆಗಬೇಕೆಂಬ ಹಟ ಬರುತ್ತದೆ. ಒಳ್ಳೆಯ ತರಬೇತಿಯ ಮೊದಲ ಪಾಠ ಹೀಗಾಗಿ ಮೈಯದಲ್ಲ, ಮನಸ್ಸಿನದು. ಕಲಿಯಲು ಬಂದವರು ತಮ್ಮ ತಮ್ಮ ಹೆರಿಗೆಯ ಕಥೆಯನ್ನು ಒಬ್ಬರಿಗೊಬ್ಬರು ಹೇಳಿಕೊಂಡು, ಅತ್ತು, ಬದಿಗಿಡುವುದನ್ನು ಕಲಿಯುತ್ತಾರೆ.

ಡೌಲಾಗಳ ಅತ್ಯಂತ ಹಳೆಯ ಸಂಸ್ಥೆಗಳಲ್ಲಿ ಒಂದಾದ ಡೋನಾ, ಕ್ಲಾಸ್ ಮತ್ತು ಕೆನೆಲ್ ಅವರೂ ಪೆನ್ನಿ ಸಿಮ್ಕಿನ್ ಮೊದಲಾದವರೂ ಸೇರಿ 1992ರಲ್ಲಿ ಕಟ್ಟಿದ್ದು. ಕನಿಷ್ಠ 16 ಗಂಟೆಗಳ ಕಾರ್ಯಾಗಾರ, ಹೆರಿಗೆ ಮತ್ತು ಎದೆಹಾಲಿನ ಬಗ್ಗೆ ಪ್ರತ್ಯೇಕ ಪಾಠ, ಓದು, ಆಮೇಲೆ ಮೂರು ಹೆರಿಗೆಗಳಲ್ಲಿ ಜೊತೆಗಿದ್ದು ತಾಯಿಯಿಂದಲೂ ಆಸ್ಪತ್ರೆಯವರಿಂದಲೂ ಅಭಿಪ್ರಾಯ ಪಡೆಯುವುದು — ಪ್ರಮಾಣಪತ್ರಕ್ಕೆ ಅವರು ಕೇಳುವುದು ಸುಮಾರಾಗಿ ಇಷ್ಟು. ಭಾರತದಲ್ಲಿ ಡೌಲಾ ವೃತ್ತಿಗೆ ಸರ್ಕಾರಿ ನೋಂದಣಿ ಇಲ್ಲ. ಖಾಸಗಿಯವರು ನಡೆಸುವ ತರಬೇತಿಗಳು ಹೆಚ್ಚಾಗಿ ದೊಡ್ಡ ನಗರಗಳಲ್ಲಿ, ಹೆಚ್ಚಾಗಿ ಇಂಗ್ಲಿಷಿನಲ್ಲಿ, ಆನ್‌ಲೈನಿನಲ್ಲಿ ನಡೆಯುತ್ತವೆ. ಶಿರ್ತಾಡಿಯ, ವಿಟ್ಲದ, ಕೊಕ್ಕಡದ ಹೆಂಗಸು ಅಲ್ಲಿಗೆ ತಲುಪುವುದು ಕಷ್ಟ. ಈ ತರಬೇತಿಯನ್ನು ಸೂಲಗಿತ್ತಿಯರ ಅಥವಾ ಮಿಡ್‌ವೈಫ್ ತರಬೇತಿಯೊಂದಿಗೆ ಬೆರೆಸಬಾರದು. ಮಿಡ್‌ವೈಫ್ ಆಗಲು ನರ್ಸಿಂಗ್ ಓದಿರಬೇಕು; ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ನರ್ಸ್‌ಗಳಿಗೆ 18 ತಿಂಗಳ ಪ್ರತ್ಯೇಕ ತರಬೇತಿಯಿದೆ.

ಹಾಗಾದರೆ ಡೌಲಾ ಕಲಿಯುವುದೇನು? ಮೊದಲನೆಯದಾಗಿ, ಹೆರಿಗೆ ಹೇಗೆ ಸಾಗುತ್ತದೆ ಎಂಬುದನ್ನು. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆಯೇ ಬೇನೆ ಸರಿಯಾಗಿ ಹಿಡಿಯಿತೆಂದು ಈಗ ಲೆಕ್ಕ. ಅಲ್ಲಿಂದ ಮುಂದೆ ಚೊಚ್ಚಲಿಗೆ 12 ಗಂಟೆಯವರೆಗೂ ಹಿಡಿಯಬಹುದು. ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕೆಂಬ ಹಳೆಯ ಲೆಕ್ಕ ಎಲ್ಲರಿಗೂ ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2018ರಲ್ಲಿ ಹೇಳಿದೆ. ಇದು ತಿಳಿದವಳು ಮೂರು ಸೆಂಟಿಮೀಟರ್‌ಗೇ ಹೆದರಿದ ಹುಡುಗಿಗೆ ಹೇಳಬಲ್ಲಳು: ಇನ್ನೂ ಶುರು ಮಗಾ, ನಡೆ, ಎರಡು ಸುತ್ತು ನಡೆಯೋಣ.

ಎರಡನೆಯದು ಕೈಯ ವಿದ್ಯೆ. ಮಗುವಿನ ತಲೆ ಬೆನ್ನಿನ ಕಡೆ ಒತ್ತುತ್ತಿದ್ದರೆ ನಡುವಿನ ಕೆಳಗೆ, ತ್ರಿಕಾಸ್ಥಿಯ ಮೇಲೆ, ಅಂಗೈಯ ಬುಡದಿಂದ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಬೇನೆ ಏರುವುದಕ್ಕೆ ಮೊದಲೇ ಶುರು ಮಾಡಿ ಇಳಿಯುವವರೆಗೂ ಬಿಡಬಾರದು. ಎರಡೂ ಸೊಂಟದ ಮೂಳೆಗಳನ್ನು ಎರಡು ಕೈಗಳಿಂದ ಒಳಮುಖವಾಗಿ ಒತ್ತಿದರೆ ಹಲವರಿಗೆ ಹಾಯೆನಿಸುತ್ತದೆ. ಅಂಗಾತ ಮಲಗಿಸುವುದಕ್ಕಿಂತ ಕುಳಿತು, ನಿಂತು, ಮಂಚದ ಅಂಚಿಗೆ ಒರಗಿ, ಮಂಡಿಯೂರಿ ಇರುವುದು ಒಳ್ಳೆಯದು. ತೊಡಕಿಲ್ಲದ ಹೆರಿಗೆಯಲ್ಲಿ ಓಡಾಡಲು, ನೀರು ಗಂಜಿ ಕುಡಿಯಲು ಬಿಡಬೇಕೆಂಬುದೂ ವಿಶ್ವ ಆರೋಗ್ಯ ಸಂಸ್ಥೆಯ ಅದೇ 2018ರ ಶಿಫಾರಸಿನಲ್ಲಿದೆ. ಒಂದು ಬೈರಾಸು ಸಾಕು, ಅದನ್ನು ಹಿಡಿದು ಜೋತು ಬೇನೆ ಕಳೆಯಬಹುದು. ಕತ್ತು, ಹೆಗಲು, ದವಡೆ ಬಿಗಿದಿದೆಯೇ ನೋಡಬೇಕು. ಬಾಯಿ ಬಿಗಿದವಳಿಗೆ ಉಸಿರು ಹೊರಗೆ ಬಿಡು ಎಂದು ನೂರು ಸಲ ಹೇಳುವ ಬದಲು ತಾನೇ ಅವಳ ಎದುರು ನಿಧಾನಕ್ಕೆ ಉಸಿರು ಬಿಟ್ಟು ತೋರಿಸಿದರೆ ಅವಳ ಉಸಿರು ತಾನಾಗಿ ಹಿಂಬಾಲಿಸುತ್ತದೆ.

ಇವೆಲ್ಲಕ್ಕಿಂತ ಕಷ್ಟದ ಪಾಠ, ಮಾಡಬಾರದ್ದು. ಒಳಪರೀಕ್ಷೆ ಮಾಡಬಾರದು. ಮಾತ್ರೆ, ಕಷಾಯ, ಹರಳೆಣ್ಣೆ ಕೊಡಬಾರದು. ಮಗುವಿನ ಎದೆಬಡಿತದ ಬಗ್ಗೆ ತನ್ನ ಅಭಿಪ್ರಾಯ ಹೇಳಬಾರದು. ಡಾಕ್ಟರ್ ಸಿಸೇರಿಯನ್ ಎಂದರೆ ಜಗಳಕ್ಕೆ ನಿಲ್ಲಬಾರದು. ಅವಸರವಿಲ್ಲದ ಸಂದರ್ಭವಾದರೆ, ಸ್ವಲ್ಪ ವಿವರಿಸಿ ಹೇಳುತ್ತೀರಾ, ಅವಳಿಗೆ ಕೇಳಬೇಕಂತಿದೆ ಎನ್ನಬಹುದು, ಅಷ್ಟೆ. ಥಿಯೇಟರಿಗೆ ಒಯ್ಯುವಾಗ ಅವಳ ಜೊತೆ ಬಾಗಿಲವರೆಗೂ ನಡೆದು, ನೀನು ಸೋತದ್ದಲ್ಲ ಎಂದು ಹೇಳಬೇಕು. ಇದೂ ಡೌಲಾ ಕೆಲಸವೇ. ತಲೆನೋವಿನ ಜೊತೆ ಕಣ್ಣು ಮಂಜಾದರೆ, ರಕ್ತ ಹೆಚ್ಚು ಹೋದರೆ, ಫಿಟ್ಸ್ ಬಂದರೆ, ಮಗುವಿನ ಅಲುಗಾಟ ಕಡಿಮೆಯಾದರೆ ಒಂದು ನಿಮಿಷವೂ ತಡೆಯದೆ ಸಿಸ್ಟರನ್ನು ಕರೆಯಬೇಕೆಂಬುದು ಅವಳ ನಾಲಿಗೆಯ ತುದಿಯಲ್ಲಿರಬೇಕು.

ಹುಟ್ಟಿದ ಮೇಲಿನ ಮೊದಲ ಗಂಟೆಯೂ ಅವಳದೇ. ಮಗುವನ್ನು ಒರೆಸಿ ತಾಯಿಯ ಬರಿ ಎದೆಯ ಮೇಲೆ ಮಲಗಿಸುವುದು, ಒಂದು ಗಂಟೆಯೊಳಗೆ ಮೊಲೆ ಹಿಡಿಸುವುದು, ಮೊದಲು ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲದಂತೆ, ಜೇನು ನೆಕ್ಕಿಸದಂತೆ ನೋಡಿಕೊಳ್ಳುವುದು. ಜೇನು ಬೇಡವೆಂದು ಅಜ್ಜಿಗೆ ಹೇಳುವುದು ಡಾಕ್ಟರಿಗಿಂತ ಊರಿನವಳಿಗೇ ಸುಲಭ.

ಮನೆಗೆ ಬಂದ ಮೇಲಿನ 40 ದಿನಗಳಿಗೆ ನಮ್ಮ ಕಡೆ ಈಗಲೂ ಜನರನ್ನು ಗೊತ್ತುಮಾಡುತ್ತಾರೆ. ಬಾಣಂತನಕ್ಕೆ ಜನ ಸಿಗುವುದಿಲ್ಲ ಎಂಬುದು ಪ್ರತಿ ಮನೆಯ ದೂರು. ಎಣ್ಣೆ, ಬಿಸಿನೀರು, ಬೆಳ್ಳುಳ್ಳಿ, ಓಮ, ಲೇಹ್ಯ, ಕುಚ್ಚಲಕ್ಕಿ ಗಂಜಿ, ವಿಶ್ರಾಂತಿ — ಈ ಬಾಣಂತನದಲ್ಲಿ ಉಳಿಸಿಕೊಳ್ಳಬೇಕಾದದ್ದು ಬಹಳವಿದೆ. ಬಿಡಬೇಕಾದದ್ದೂ ಇದೆ. ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆಂದು ಹಾಲೂಡುವ ತಾಯಿಗೆ ನೀರು ತಡೆಯುವುದು, ಮಗುವಿನ ಮೂಗಿಗೆ ಕಿವಿಗೆ ಎಣ್ಣೆ ಬಿಡುವುದು, ಹೊಗೆ ಹಾಕುವುದು, ಹೊಕ್ಕುಳಿಗೆ ಏನಾದರೂ ಹಚ್ಚುವುದು. ಕಾರಣವಿಲ್ಲದೆ ಅಳುವ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದ ಬಾಣಂತಿಗೆ ಗಾಳಿ ಸೋಕಿದೆ ಎನ್ನದೆ ಡಾಕ್ಟರ ಬಳಿಗೆ ಕರೆದೊಯ್ಯಬೇಕೆಂದು ಗೊತ್ತಿರುವವಳು ಮನೆಯೊಳಗೆ ಒಬ್ಬಳಾದರೂ ಇರಬೇಕು. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನಗಳಲ್ಲಿ ಬಂದು ನೋಡುತ್ತಾಳೆ. ದಿನವೂ ಮೀಯಿಸಲು ಬರುವವಳಿಗೆ ಇಷ್ಟನ್ನು ಕಲಿಸಿದರೆ ಅಪಾಯ ಎರಡು ದಿನ ಮೊದಲೇ ಕಣ್ಣಿಗೆ ಬೀಳುತ್ತದೆ.

ಕಲಿಸುವುದಕ್ಕೆ ಜಾಗಗಳೂ ಇಲ್ಲಿಯೇ ಇವೆ. ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಕಾಲೇಜಿದೆ, ಮೂಡುಬಿದಿರೆಯಲ್ಲಿ ಆಳ್ವಾಸ್‌ನ ಆಯುರ್ವೇದ, ಪ್ರಕೃತಿ ಚಿಕಿತ್ಸೆ, ನರ್ಸಿಂಗ್ ಕಾಲೇಜುಗಳಿವೆ. ಬಂಟ್ವಾಳದಲ್ಲೂ ಬೆಳ್ತಂಗಡಿಯಲ್ಲೂ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಿವೆ. ತೊಡಕಿನ ಹೆರಿಗೆಗಳಿಗೆ ಮಂಗಳೂರಿನ ಲೇಡಿಗೋಷನ್ ಇದೆ. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲೇ ಹುಟ್ಟಿದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳು ಇಲ್ಲದ ಊರಿಲ್ಲ. ಇಂಥ ಸಂಘವೊಂದು ತನ್ನೂರಿನಿಂದ ಇಬ್ಬರನ್ನು ಆರಿಸಿ ಕಳುಹಿಸಲಿ, ನರ್ಸಿಂಗ್ ಕಾಲೇಜೊಂದು ಕನ್ನಡದಲ್ಲಿ, ತುಳುವಿನಲ್ಲಿ ಪಾಠ ಮಾಡಲಿ, ತಾಲ್ಲೂಕು ಆಸ್ಪತ್ರೆಯ ಹಿರಿಯ ಸಿಸ್ಟರ್ ಒಬ್ಬರು ಕೈಹಿಡಿದು ಒಳಗೆ ನಿಲ್ಲಿಸಲಿ. ದೊಡ್ಡ ಹಣ ಬೇಡದ ಕೆಲಸವಿದು.

ದೊಡ್ಡ ಹಣ ಬೇಡ, ಆದರೆ ಪುಕ್ಕಟೆಯೂ ಸಲ್ಲದು. ನರಸಮ್ಮನವರ ತ್ಯಾಗವನ್ನು ಹೊಗಳುತ್ತಲೇ ಇನ್ನೊಂದು ತಲೆಮಾರಿನ ಬಡ ಹೆಂಗಸರಿಂದ ಅದನ್ನೇ ಬಯಸುವುದು ಅನ್ಯಾಯ. ಬೇನೆಗೆ ಹೊತ್ತಿಲ್ಲ. ರಾತ್ರಿ ಹತ್ತಕ್ಕೆ ಫೋನ್ ಬಂದರೆ ಬಸ್ಸಿರುವುದಿಲ್ಲ, ರಿಕ್ಷಾ ಹಿಡಿಯಬೇಕು. ಮರುದಿನದ ಬೀಡಿಯ ಮಜೂರಿ ಹೋಗುತ್ತದೆ. ಮನೆಯಲ್ಲಿ ಮಕ್ಕಳಿಗೆ ಗಂಜಿ ಹಾಕುವವರು ಬೇಕು. ಸೀಮಂತಕ್ಕೆ ಹಾಲ್ ಹಿಡಿದು ಫೋಟೊ ತೆಗೆಸುವ ಮನೆಗಳು ಡೌಲಾಗೆ ಕೊಡುವ ಹಣವನ್ನೂ ಆ ಲೆಕ್ಕದಲ್ಲೇ ಸೇರಿಸಬಹುದು. ಇಲ್ಲದವರ ಪಾಲಿಗೆ ಸಂಘವೋ ಪಂಚಾಯಿತಿಯೋ ನಿಲ್ಲಬೇಕು. ಅವರಿಗೇ ಇದು ಹೆಚ್ಚು ಬೇಕಾದದ್ದು.

ಉಳಿದದ್ದು ಆ ಬಾಗಿಲು. ಸರ್ಕಾರಿ ಹೆರಿಗೆ ಕೋಣೆಗಳಲ್ಲಿ ಜೊತೆಗಾತಿಯನ್ನು ಬಿಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಮಾರ್ಗಸೂಚಿ ಕಳುಹಿಸಿದೆ. 2017ರ ಡಿಸೆಂಬರಿನಲ್ಲಿ ಶುರುವಾದ ಲಕ್ಷ್ಯ ಕಾರ್ಯಕ್ರಮವೂ, 2019ರ ಸುಮನ್ ಯೋಜನೆಯೂ ಹೆರುವವಳ ಘನತೆಯ ಮಾತನ್ನೇ ಆಡುತ್ತವೆ. ಜೊತೆಗಿರುವವಳು ತಾನೂ ಹೆರಿಗೆಯ ಅನುಭವ ಇರುವವಳಾದರೆ ಒಳ್ಳೆಯದು, ಸೋಂಕು ರೋಗ ಇರಬಾರದು, ಶುಚಿಯಾದ ಬಟ್ಟೆ ತೊಟ್ಟಿರಬೇಕು, ಕೊನೆಯವರೆಗೂ ಉಳಿಯಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು, ಬೇರೆ ತಾಯಂದಿರ ಕಡೆ ಹೋಗಬಾರದು ಎಂಬ ನಿಯಮಗಳು 2016ರ ಆ ಮಾರ್ಗಸೂಚಿಯಲ್ಲಿವೆ. ಮಂಚಗಳ ನಡುವೆ ಪರದೆ ಬೇಕು. ಆ ಮರೆ ಇದ್ದಲ್ಲಿ ಗಂಡನನ್ನೂ ಬಿಡಬಹುದು. ಮಾರ್ಗಸೂಚಿ ಹೇಳುವುದು ಮನೆಯವರ ಬಗ್ಗೆ, ಡೌಲಾ ಎಂಬ ಹೆಸರು ಅದರಲ್ಲಿಲ್ಲ. ಆದ್ದರಿಂದ ಎರಡು ದಾರಿಗಳಿವೆ. ಸಂಘದ ಮೂಲಕ ತರಬೇತಿ ಪಡೆದವಳನ್ನು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯೇ ಗುರುತಿಸಿ ಒಳಗೆ ಬಿಡುವುದು ಒಂದು. ತರಬೇತಿ ಪಡೆದವಳು ಏಳನೇ ತಿಂಗಳಿಂದಲೇ ಆ ಮನೆಗೆ ಹೋಗಿ, ಒಳಗೆ ಕೂರಲಿರುವ ಅಮ್ಮನಿಗೋ ಅತ್ತಿಗೆಗೋ ಈ ವಿದ್ಯೆಯನ್ನೆಲ್ಲ ಕಲಿಸಿ ಸಜ್ಜುಮಾಡುವುದು ಇನ್ನೊಂದು. ಎರಡನೆಯದನ್ನು ನಾಳೆಯೇ ಶುರು ಮಾಡಬಹುದು, ಯಾರ ಅಪ್ಪಣೆಯೂ ಬೇಕಿಲ್ಲ.

ನಿಮ್ಮ ಮನೆಯಲ್ಲಿ ಗರ್ಭಿಣಿ ಇದ್ದರೆ ಮುಂದಿನ ಚೆಕಪ್‌ಗೆ ಹೋದಾಗ ಡಾಕ್ಟರ ಬಳಿ ನಾಲ್ಕು ವಿಷಯ ಕೇಳಿಕೊಳ್ಳಿ: ಬೇನೆಯ ಹೊತ್ತಿಗೆ ಒಬ್ಬರನ್ನು ಒಳಗೆ ಬಿಡುತ್ತೀರಾ, ಓಡಾಡಲು ಬಿಡುತ್ತೀರಾ, ಕುಡಿಯಲು ಏನು ಕೊಡಬಹುದು, ಹುಟ್ಟಿದ ಕೂಡಲೇ ಮಗುವನ್ನು ಎದೆಯ ಮೇಲೆ ಕೊಡುತ್ತೀರಾ. ಬೇನೆ ಬಂದ ರಾತ್ರಿ ಬಾಗಿಲಲ್ಲಿ ನಿಂತು ಕೇಳಿದರೆ ಸಿಗುವ ಉತ್ತರ ಬೇರೆ, ಎರಡು ತಿಂಗಳ ಮೊದಲೇ ಕೂತು ಕೇಳಿದರೆ ಸಿಗುವ ಉತ್ತರ ಬೇರೆ. ಬಿಡುವುದಿಲ್ಲ ಎಂದರೆ 2016ರ ಮಾರ್ಗಸೂಚಿಯ ಪ್ರತಿಯೊಂದನ್ನು ತಾಯಿ ಕಾರ್ಡಿನ ಜೊತೆ ಇಟ್ಟುಕೊಂಡು, ಒಳಗೆ ಕೂರುವವಳನ್ನೂ ಕರೆದುಕೊಂಡು, ಮುಂದಿನ ತಿಂಗಳ ಚೆಕಪ್‌ನಲ್ಲಿ ಇನ್ನೊಮ್ಮೆ ಕೇಳಿ.